ಡ್ರೈವರ್ ಊಟ ಹಿಂದುಗಡೆ

ಫ್ಯಾಮಿಲಿ ಜೊತೆ ಊಟಕ್ಕೆ ಎಲ್ಲಿ ಚೆನ್ನಾಗಿರುತ್ತೆ, ಡ್ರೈವರ್ರೇ?
ದೊಡ್ಡಬೆಟ್ಟ ಇಳಿಯುವಾಗ ತಪ್ಪದೆ ಬರುತ್ತದೆ ಈ ಮಾತು
ಹಿಂದಿನ ಸೀಟಿನಿಂದ,
ಮಗು ವಾಂತಿ ಮಾಡಿ ಮುಗಿಸಿದ ಮೇಲೆ.

ಉತ್ತರ ನನಗೆ ಬಾಯಿಪಾಠ.
ಗುಜರಾತಿನವರಾದರೆ ಕೆರೆ ದಾರಿಯ ಥಾಲಿ,
ಬೆಳ್ಳುಳ್ಳಿ ಇಲ್ಲ ಅಂತ ಅಲ್ಲಿ ಬೋರ್ಡು ಹೇಳುತ್ತದೆ,
ಅಡುಗೆಯವನು ಹೇಳುವುದಿಲ್ಲ.
ಹೊಸದಾಗಿ ಮದುವೆಯಾದವರನ್ನು ಕೇಳುವುದೇ ಬೇಡ,
ಮೇಣದಬತ್ತಿ ಹಚ್ಚಿಟ್ಟ ಕಡೆ ಬ್ರೇಕು ಹಾಕಿದರಾಯಿತು.
ಮಿಕ್ಕವರೆಲ್ಲ ಹಿಲ್ ಕ್ರೌನಿಗೆ.
ಅಲ್ಲಿ ತಲೆಗೆ ಇಪ್ಪತ್ತು ರೂಪಾಯಿ ನನಗೆ,
ಮಕ್ಕಳ ತಲೆಗೆ ಹತ್ತು,
ನನ್ನ ಊಟ ಬಿಟ್ಟಿ.

ಹನ್ನೊಂದು ವರ್ಷದಲ್ಲಿ ಎಷ್ಟು ತಲೆ ಎಣಿಸಿದೆನೋ.
ರುಚಿ ಹೇಗಿತ್ತು ಅಂತ ಯಾರೂ ಹೇಳಲಿಲ್ಲ.
ಉಂಡವರು ಕೂನೂರು ಬರುವ ಮೊದಲೇ
ಬಾಯಿ ತೆರೆದು ನಿದ್ದೆ ಹೋಗುತ್ತಾರೆ.

ಸೀಸನ್ ಮುಗಿದ ಒಂದು ಭಾನುವಾರ
ತಾಳವಾಡಿಯಿಂದ ಬಂದರು ನಮ್ಮವರು:
ಅಮ್ಮಣ್ಣಿ, ಮಗಳು ನಿಶ್ಚಿತ, ಚಿಕ್ಕವನು ಪ್ರಸಾದಿ,
ಎರಡು ಸ್ವೆಟರು ಒಂದರ ಮೇಲೊಂದು ಹಾಕಿಕೊಂಡ
ಅತ್ತೆ ಸಿದ್ದಮಲ್ಲಮ್ಮ.
ಹೂದೋಟ ನೋಡಿದ್ದಾಯಿತು. ಗುಲಾಬಿ ನೋಡಿ ಅತ್ತೆ,
"ಇಷ್ಟು ಜಾಗದಲ್ಲಿ ಆಲೂಗಡ್ಡೆ ಹಾಕಬಹುದಿತ್ತು" ಅಂದಳು.
ಆಮೇಲೆ ಅಮ್ಮಣ್ಣಿ ಕೇಳಿದಳು,
ಎಲ್ಲರೂ ಕೇಳುವ ಅದೇ ಮಾತು,
"ಊಟಕ್ಕೆಲ್ಲಿ?"

ಮೊದಲ ಸಲ ನನಗೆ ಉತ್ತರ ಹೊಳೆಯಲಿಲ್ಲ.
ಬಾಯಿ ಮಾತ್ರ ಹಿಲ್ ಕ್ರೌನ್ ಅಂದುಬಿಟ್ಟಿತು.

ಅದರ ಮುಂಬಾಗಿಲು ತಳ್ಳಬೇಕೋ ಎಳೆಯಬೇಕೋ
ನನಗೆ ಗೊತ್ತಿರಲಿಲ್ಲ.
ಕೆಂಪು ಚೌಕಳಿ ಬಟ್ಟೆಯ ಮೇಜು,
ಹೂವಿನ ಹಾಗೆ ಮಡಿಚಿಟ್ಟ ಕಾಗದ.
ನಿಶ್ಚಿತ ಬೆರಳಿಟ್ಟು ಮೆನು ಓದಿದಳು,
"ವೆಜ್ ಔ ಗ್ರಾಟಿನ್ ಅಂದ್ರೆ ಏನಪ್ಪ?"
"ಬೆಂಗಳೂರಿನವರು ತಿನ್ನೋದು ಕನವ್ವ" ಅಂದೆ,
ಏನೆಂದು ತಿಳಿಯದೆಯೇ ಸಾವಿರ ಜನಕ್ಕೆ ಹೊಗಳಿದ್ದವನು.

ಸೆಲ್ವಂ ಬಂದು ಹೆಗಲು ಮುಟ್ಟಿದ.
"ಅಣ್ಣಾ, ಡ್ರೈವರ್ ಸಾಪ್ಪಾಡು ಪಿನ್ನಾಡಿ ರೆಡಿ."
ನಾನು ಏಳಲಿಲ್ಲ,
ನನ್ನ ಕಾಲು ಎದ್ದವು.

ಹಿಂದುಗಡೆ ಸಿಲಿಂಡರುಗಳ ಪಕ್ಕ ಉದ್ದ ಬೆಂಚು.
ತಗಡಿನ ಸೂರು, ಸ್ಟೀಲು ತಟ್ಟೆ,
ಮಾರಿಮುತ್ತು ತಮಗೆ ಅಂತ ಮಾಡಿಕೊಂಡ ಮೆಣಸಿನ ಸಾರು.
ಎರಡು ತುತ್ತು ಇಳಿದಿರಬೇಕು,
ಅಡುಗೆಮನೆ ದಾಟಿ ಅತ್ತೆ ಬಂದು ನಿಂತಳು,
ಕೈ ತೊಳೆಯಲು ಹೊರಟವಳು, ಒದ್ದೆ ಕೈ ಸ್ವೆಟರಿಗೆ ಒರೆಸುತ್ತ.
ನನ್ನನ್ನು ನೋಡಿದಳು. ತಟ್ಟೆ ನೋಡಿದಳು.
ಯಾಕೆ ಅಂತ ಕೇಳಲಿಲ್ಲ.
"ಅಲ್ಲಿ ಅನ್ನ ತಣ್ಣಗದ ಕನಪ್ಪ,
ಇಲ್ಲಿ ಹೊಗೆ ಆಡ್ತದ" ಅಂದು
ಕೊರಳ ಕರಡಿಗೆ ಮುಟ್ಟಿಕೊಂಡು
ಬೆಂಚಿನ ಮೇಲೆ ಕುಳಿತೇಬಿಟ್ಟಳು.

ಆಮೇಲೆ ಅಮ್ಮಣ್ಣಿ. ಆಮೇಲೆ ನಿಶ್ಚಿತ.
ಕೇರಳದ ಇಬ್ಬರು ಡ್ರೈವರುಗಳು ಸರಿದು ಜಾಗ ಕೊಟ್ಟರು.
ಮಾರಿಮುತ್ತು ನಾಚಿಕೊಂಡು ಅಪ್ಪಳ ಸುಟ್ಟ,
ಉಪ್ಪು ಹೆಚ್ಚಾಯಿತೇ ಅಂತ ಮೂರು ಸಲ ಕೇಳಿದ.
ಪ್ರಸಾದಿ ಬರಲಿಲ್ಲ.
ನೂಡಲ್ಸ್ ಬಿಟ್ಟು ಬರಲಾರೆ ಅಂತ
ನಾಲ್ಕು ಖಾಲಿ ಕುರ್ಚಿಗಳನ್ನು ಒಬ್ಬನೇ ಕಾಯುತ್ತ
ಮುಂದುಗಡೆಯೇ ಉಳಿದ.

ಬಿಲ್ಲು ಏಳುನೂರ ನಲವತ್ತು.
ಗಲ್ಲಾದವನು ಎಣಿಸಿ ಒಳಗಿಟ್ಟ,
ಡ್ರಾಯರಿನ ಇನ್ನೊಂದು ಖಾನೆ ಎಳೆದು
ಮಡಿಚಿದ ಅರವತ್ತು ರೂಪಾಯಿ ನನ್ನ ಕೈಗೆ ಜಾರಿಸಿದ.
ದೊಡ್ಡ ತಲೆ ಎರಡು, ಚಿಕ್ಕವು ಎರಡು.
ಲೆಕ್ಕ ಸರಿಯಾಗಿಯೇ ಇತ್ತು.

"ಏನದು?" ಅಂದಳು ಅಮ್ಮಣ್ಣಿ.
"ಚಿಲ್ಲರೆ."

ಅದರಲ್ಲಿ ವರ್ಕಿ ತಂದು ಬಸ್ಸಿನ ಕಿಟಕಿಗೆ ಕೊಟ್ಟೆ.
ಅತ್ತೆ ಪೊಟ್ಟಣ ಬಿಚ್ಚಿ ಒಂದು ಮುರಿದು
ಅರ್ಧ ನನ್ನ ಅಂಗೈಗಿಟ್ಟಳು,
"ಡ್ರೈವರ್ಗೂ ಒಂದು."
ನಗುತ್ತ ಅಂದಳೋ ಬೇರೆ ಹೇಗೋ,
ಎಂಜಿನ್ನಿನ ಸದ್ದಿನಲ್ಲಿ ಗೊತ್ತಾಗಲಿಲ್ಲ.