ಇಪ್ಪತ್ತೇಳನೆಯ ಕಲಮು

ಫುಜೈರಾ. ಮೀನುಪೇಟೆಯ ಹಿಂದಿನ ಸಾಲಿನಲ್ಲಿ
ನನ್ನ ಟೈಪಿಂಗ್ ಅಂಗಡಿ. ಎಸಿ ಕೆಮ್ಮುತ್ತಿದೆ.
ಎದುರಿಗೆ ಗಂಗೊಳ್ಳಿಯ ರಾಮದಾಸ ಖಾರ್ವಿ,
ಹಡಗಿನ ಅಡುಗೆಯವನು. ಹನ್ನೊಂದು ತಿಂಗಳ
ಸಂಬಳ ಬರಬೇಕು. ಕೈಯಲ್ಲಿ ಕರಾರಿನ ಜೆರಾಕ್ಸು,
ಹಾಳೆಹಾಳೆಗೂ ಅರಿಶಿನದ ಹೆಬ್ಬೆರಳು.

ಕೇಳಿ ಬರೆದುಕೊಂಡೆ.
ಮಾಲೀಕ ಗ್ರೀಸಿನವನಂತೆ, ಕಂಡವರಿಲ್ಲ.
ಬಾವುಟ ಯಾವುದೋ ದ್ವೀಪದ್ದು,
ಆ ದ್ವೀಪದ ಕಡೆಗೆ ಹಡಗು ಒಮ್ಮೆಯೂ ತಿರುಗಿಲ್ಲ.
ಸಹಿ ಬಿದ್ದದ್ದು ಮುಂಬಯಿಯಲ್ಲಿ, ಏಜೆಂಟನ
ಮೆಟ್ಟಿಲ ಮೇಲೆ, ನಿಂತುಕೊಂಡೇ.
ಸಂಬಳ ನಿಂತದ್ದು ನಡುಗಡಲಲ್ಲಿ,
ಯಾರದ್ದೂ ಅಲ್ಲದ ನೀರಿನಲ್ಲಿ.
ಇಪ್ಪತ್ತೇಳನೆಯ ಕಲಮು ಹೇಳುತ್ತದೆ:
ತಕರಾರೇನಿದ್ದರೂ ಇಂಗ್ಲಿಷ್ ಕಾನೂನಿನಂತೆ,
ಲಂಡನ್ನಿನಲ್ಲೇ.

"ಹ್ವಾಯ್ ಅಕ್ಕಾ, ಲಂಡನ್ನಿಗೆ ನಾನ್ ಎಂತಕ್ಕೆ ಹೋಯ್ಕ್?
ಅವ್ರಿಗೆ ಒಂದ್ ಲೋಟ ಚಾ ಸೈತ ಕೊಡ್ಲಿಲ್ಲ ನಾನ್."

ನಾನು ನಗಲಿಲ್ಲ. ಇಪ್ಪತ್ತೆರಡು ವರ್ಷದಿಂದ
ಇದೇ ಪದವನ್ನು ಅತ್ತಿಂದಿತ್ತ ಹೊರುತ್ತಿದ್ದೇನೆ.
ನಮ್ಮಲ್ಲಿ ಅದು ವ್ಯಾಪ್ತಿ, ಹರಡಿಕೊಳ್ಳುವಂಥದ್ದು.
ಇವರಲ್ಲಿ ಇಖ್ತಿಸಾಸ್, ಒಬ್ಬರಿಗೇ ಮೀಸಲು.
ನಡುವೆ ನಾನು, ಪುಟಕ್ಕೆ ಇಪ್ಪತ್ತು ದಿರ್ಹಮ್.

ವಕೀಲ ಹಮ್ದಾನ್ ಕನ್ನಡಕ ಒರೆಸಿಕೊಂಡು ಅಂದ:
ಕಾಗದ ಲಂಡನ್ನಿಗೆ ಹೋಗಲಿ ಬಿಡಿ,
ಕಬ್ಬಿಣ ಇಲ್ಲೇ ಇದೆಯಲ್ಲ.
ರಾಮದಾಸನಿಗೆ ನಾನು ಬೇರೆಯೇ ಹೇಳಿದೆ:
ಪೈರು ಮೇಯ್ದ ದನವನ್ನು ದೊಡ್ಡಿಗೆ ಕೂಡುತ್ತಿದ್ದರು ನೋಡು,
ಒಡೆಯ ಯಾವ ಊರಿನವನೆಂದು
ದನವನ್ನು ಯಾರೂ ಕೇಳುತ್ತಿರಲಿಲ್ಲ.
ಅವನೇ ಹುಡುಕಿಕೊಂಡು ಬರುತ್ತಿದ್ದ.

ಆಗಸ್ಟಿನ ಬೆವರು. ಲಾಂಚಿನಲ್ಲಿ ಹೋದೆವು,
ಕೋರ್ಟಿನ ಅಮೀನ, ನಾನು, ಒಂದು ಹಾಳೆ.
(ಅಮೀನ ಎಂಬ ಮಾತೂ ಇಲ್ಲಿಯದೇ. ಎಂದೋ
ಹಾಯಿ ಏರಿ ಕುಂದಾಪುರದ ಕೋರ್ಟು ಸೇರಿತ್ತು,
ವೀಸಾ ಕೇಳಿದವರಿಲ್ಲ.)
ಹಡಗನ್ನು ತಡೆಹಿಡಿದ ಆಜ್ಞೆ, ಕ್ಯಾಪ್ಟನ್ ಕೋಣೆಯ ಗಾಜಿಗೆ
ಅಂಟಿಸಬೇಕು. ಟೇಪು ಹಿಡಿಯುವುದಿಲ್ಲ.
ಉಪ್ಪು, ಹಬೆ. ಮೂರು ಸಲ ಹಚ್ಚಿದ,
ಮೂರು ಸಲವೂ ಕಾನೂನು ಜಾರಿ ಕಾಲಬಳಿ ಬಿತ್ತು.

ಆಗ ರಾಮದಾಸ ಒಳಗೆ ಹೋಗಿ
ಬೆಳಗಿನ ಗಂಜಿಯ ಪಾತ್ರೆ ತಂದ.
ತಳದ ಮಂದವನ್ನು ಅಂಗೈಯಿಂದ ಗಾಜಿಗೆ ಬಳಿದ,
ಗೋಡೆಗೆ ಪೋಸ್ಟರ್ ಹಚ್ಚುವವರ ಹಾಗೆ.
ಕಾಗದ ಕೂತಿತು. ಮುದ್ರೆಯ ಪಕ್ಕ
ಒಂದು ಅಗುಳು ಉಬ್ಬಿಕೊಂಡೇ ಉಳಿಯಿತು.

ಲಂಡನ್ನಿನಿಂದ ಆಕ್ಷೇಪ ಬಂದೀತು, ಬರಲಿ.
ಇಳಿಯುವ ಮುಂಚೆ ಅಮೀನ ಕೇಳಿದ:
ಹಡಗಿನಲ್ಲಿ ಇನ್ನೆಷ್ಟು ಅಕ್ಕಿಯಿದೆ?
ದಾಟಿಸಿದೆ. "ಅರ್ಧ ಚೀಲ," ಅಂದ ರಾಮದಾಸ.
ಯಾವ ಕಲಮಿನೊಳಗೂ ಬರದ ಲೆಕ್ಕ ಅದು.
ಆದರೂ ಅವನು, ಪೆನ್ನು ಕೊಡವಿ,
ಬಲದಿಂದ ಎಡಕ್ಕೆ ಬರೆದುಕೊಂಡ.