ಹೊರಡುವ ವೇಳೆ

ಆರನೇ ಅಂಕಣದ ಎದುರಿಗೆ, ಜಾಲರಿಯ ಹಿಂದೆ
ನನ್ನ ಕುರ್ಚಿ. ಗಿಡ್ಡಾದ ಒಂದು ಕಾಲಿಗೆ
ಮಡಿಚಿಟ್ಟ ಹಳೇ ಟಿಕೆಟ್ ಪುಸ್ತಕದ ರಟ್ಟು.
ದುರ್ಗದಲ್ಲಿ ಗಾಳಿ ಜಾಸ್ತಿ.
ಜೋಗಿಮಟ್ಟಿ ಕಡೆಯಿಂದ ನೇರ ಬಂದು
ವೇಳೆ ಬರೆಯುವ ಹಾಳೆಯನ್ನೇ ಹಾರಿಸುತ್ತೆ.
ಮೇಲೊಂದು ಕಲ್ಲಿಟ್ಟಿದ್ದೇನೆ.
ಕಲ್ಲಿಗೇನು ಬರವೇ ಇಲ್ಲಿ.

"ಹೊಳಲ್ಕೆರೆ ಯಾವಾಗ್ ಬತ್ತೈತೆ ಸಾ?"
ಹೊಳಲ್ಕೆರೆ ಬರಲ್ಲಮ್ಮ, ನಾವೇ ಅಲ್ಲಿಗೆ ಹೋಗ್ಬೇಕು.
ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗನ್ನುತ್ತಿದ್ದೆ,
ನಗುತ್ತಿದ್ದರು.
ಈಗ ಸುಮ್ಮನೆ ಬೆರಳು ತೋರಿಸುತ್ತೇನೆ.

ಒಬ್ಬಾಕೆ ಆಧಾರ್ ಕಾರ್ಡನ್ನು ಜಾಲರಿಗೆ ಒತ್ತಿ ಹಿಡಿಯುತ್ತಾಳೆ.
ನನಗಲ್ಲ, ಕಂಡಕ್ಟರಿಗೆ ತೋರ್ಸಿ ಅಂದರೂ ತೆಗೆಯಳು.
"ನೋಡಪ್ಪಾ, ಇದು ನಾನೇನಾ?"
ಫೋಟೋದಲ್ಲಿ ಮೂಗುತಿ ಇದೆ, ಮುಖದಲ್ಲಿಲ್ಲ.
ನೀವೇ ಅಮ್ಮ, ಅಂದೆ. ಸಮಾಧಾನವಾಗಿ ಹೋದಳು.

ಚೀಲದೊಳಗಿನ ಹುಂಜಕ್ಕೆ ಅರ್ಧ ಟಿಕೆಟ್ಟೋ ಪೂರಾನೋ
ಕೇಳಲು ಬಂದ ಹುಡುಗ, ಕೇಳುವಷ್ಟರಲ್ಲಿ
ಹುಂಜವೇ ಕೂಗಿ ತನ್ನ ಹಾಜರಿ ಹಾಕಿತು.

ಕಷ್ಟ ಇರುವುದು ಬೈಪಾಸಿನ ಬಸ್ಸುಗಳದು.
ತಡವಾಗಿದೆ ಎಂದರೆ ಬಯ್ಯುತ್ತಾರೆ, ಅದು ಸರಿ.
ಊರೊಳಗೆ ಬರಲೇ ಇಲ್ಲ, ಹಾಗೇ ಹೋಯ್ತು ಎಂದರೆ
ಬಯ್ಯುವುದಿಲ್ಲ.
ನಾನೇ ಅದನ್ನು ಹೆದ್ದಾರಿಗೆ ತಳ್ಳಿ ಬಂದವನಂತೆ
ಒಮ್ಮೆ ನನ್ನ ಕೈ ನೋಡುತ್ತಾರೆ.

ಮನೆಯಲ್ಲೂ ಇದೇ ದನಿ.
ಚಹಾ ಕೇಳಿದರೆ ಮಗಳು ಒಳಗಿಂದ ಕೂಗುತ್ತಾಳೆ:
"ಪ್ರಯಾಣಿಕರ ಗಮನಕ್ಕೆ, ಹಾಲು ಇನ್ನೂ ಬಂದಿರುವುದಿಲ್ಲ."

ಆ ಮಾರ್ಗಶಿರದ ರಾತ್ರಿ
ಬಳ್ಳಾರಿಯ ಕೊನೇ ಗಾಡಿ, ಹನ್ನೊಂದು ನಲವತ್ತು.
ಗಾದ್ರಪ್ಪ ಹಾರ್ನ್ ಹೊಡೆದ. ಸಹಿ ಹಾಕಿದೆ. ಹೋಯ್ತು.
ಕೆಂಪು ದೀಪ ಇನ್ನೂ ಗೇಟಿನ ತಿರುವಿನಲ್ಲಿತ್ತು,
ಆಚೆ ಬಾಗಿಲಿಂದ ಒಬ್ಬ ಓಡಿ ಬಂದ.
ಒಂದು ಕಾಲಿನ ಚಪ್ಪಲಿ ಕೈಯಲ್ಲಿ,
ಇನ್ನೊಂದು ಕೈಯಲ್ಲಿ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್ರು.

ಬಯ್ಗುಳಕ್ಕೆಲ್ಲ ನನ್ನ ಹತ್ತಿರ ಉತ್ತರವುಂಟು.
ಡಿಪೋಗೆ ಬರೆಯಿರಿ, ಬೋರ್ಡು ನೋಡಿ, ನಾನೇನು ಮಾಡ್ಲಿ.
ಅವನು ತಲೆಯೆತ್ತಿ ಗೋಡೆ ನೋಡಿದ.
"ನಿಮ್ ಗಡಿಯಾರ ಸರಿ ಐತೆ ಬಿಡಿ" ಅಂದ.
ಅದಕ್ಕೆ ಉತ್ತರ ಕಲಿತಿರಲಿಲ್ಲ.

ಎದುರು ಬೆಂಚಿನ ಮೇಲೆ ಕೂತ, ಮಲಗಲಿಲ್ಲ.
ಎರಡು ಗಂಟೆಗೆ ನನ್ನ ಚಹಾದಲ್ಲಿ ಅರ್ಧ ಕೊಟ್ಟೆ, ಕುಡಿದ.
ಯಾರಿಗೆ ಊಟ ಅಂತ ಕೇಳಬೇಕಿತ್ತು.
ಯಾವ ಊರಿಗೆ ಅಂತ ಮಾತ್ರ
ಕೇಳಿ ಅಭ್ಯಾಸ ನನಗೆ.
ನಾಲ್ಕೂವರೆಗೆ ಡಬ್ಬಿ ಬಿಚ್ಚಿ ಮೂಸಿ ನೋಡಿದ,
ಬೆಂಚಿನ ಕೆಳಗಿನ ನಾಯಿಗೆ ಅನ್ನ ಸುರಿದ,
ನಲ್ಲಿಯಲ್ಲಿ ಮೂರೂ ಡಬ್ಬಿ ತೊಳೆದು,
ಒಂದರೊಳಗೊಂದು ನೀರು ಬಸಿದು ಜೋಡಿಸಿ
ಮೊದಲ ಗಾಡಿ ಹತ್ತಿದ.
ಖಾಲಿ ಕ್ಯಾರಿಯರ್ ಹಿಡಿದೇ ಹತ್ತಿದ.

ಅಂದಿನಿಂದ ಬಳ್ಳಾರಿ ಗಾಡಿ ಹೊರಡುವುದು ನಲವತ್ತೆರಡಕ್ಕೆ.
ಕಂಡಕ್ಟರ್ ಓಬಳೇಶ ರೇಗುತ್ತಾನೆ,
"ಯಾರಿಗ್ ಕಾಯ್ತೀರಿ ಪಾಲಯ್ನೋರೆ, ಬೀಗ್ರು ಬತ್ತಾರಾ?"
ಗೇಟು ನೋಡುತ್ತಾ ನಿಲ್ಲುತ್ತೇನೆ.
ಎಷ್ಟೋ ರಾತ್ರಿ ಆ ಎರಡು ನಿಮಿಷದಲ್ಲಿ
ಒಂದು ಕಾಗದದ ಲೋಟ ಉರುಳಿಕೊಂಡು ಬರುತ್ತೆ, ಅಷ್ಟೆ.
ಒಮ್ಮೆ ಮಾತ್ರ ಒಬ್ಬ ನಿಜವಾಗಿ ಓಡಿ ಬಂದ,
ಬಾಗಿಲು ತೆಗೆಸಿ ಹತ್ತಿಸಿದೆವು.
ಕುಡಿದಿದ್ದ. ಹಿರಿಯೂರಿಗೆ ಹೋಗಬೇಕಂತೆ.

ಮೊನ್ನೆ ವಿಭಾಗ ಕಚೇರಿಯಿಂದ ಕಾಗದ ಬಂತು:
ನಿತ್ಯ ಎರಡು ನಿಮಿಷ ವಿಳಂಬ. ಕಾರಣ ತಿಳಿಸುವುದು.
ಕಲ್ಲೆತ್ತಿಟ್ಟು, ಹಾರುವ ಹಾಳೆಯನ್ನು ಮೊಣಕೈಯಲ್ಲಿ ಅದುಮಿ
ಬರೆದೆ:
ಹಿಂದಿನ ಚಕ್ರಕ್ಕೆ ಗಾಳಿ ಕಡಿಮೆ ಇತ್ತು.