ಹಸಿರಿನ ಹೆಸರು

ಮೋಂಪೆಲಿಯೆಯ ನಮ್ಮ ಮನೆಯಲ್ಲಿ
ಗಂಡಸರು ಮೇಲೆ, ತಾಮ್ರ ಕೆಳಗೆ.
ಹದಿನೇಳು ಮೆಟ್ಟಿಲಿಳಿದರೆ ಅಮ್ಮ:
ಮೊಣಕೈವರೆಗೆ ದ್ರಾಕ್ಷಿಯ ಹಿಪ್ಪೆ,
ಉಗುರ ಸಂದಿಯಲ್ಲಿ
ಮಾರ್ಸೇಲಿನ ಸಾಬೂನಿಗೂ ಬಗ್ಗದ ಬಣ್ಣ.

ತವರಿಂದ ತಂದ ಬಳುವಳಿ ಅದೇ.
ಅಂಗೈಯಗಲದ ಎಂಟುನೂರು ತಾಮ್ರದ ತಗಡು,
ಮೂವತ್ತು ಮಣ್ಣಿನ ಗಡಿಗೆ, ಎರಡಕ್ಕೆ ಬಾಯಿ ಒಡೆದಿತ್ತು.
ಪಾತ್ರೆಗೆ ಕಿಲುಬು ಹಿಡಿದರೆ ಲೋಕದವರು
ಬೂದಿ ಹಾಕಿ ತಿಕ್ಕುತ್ತಾರೆ, ಶಪಿಸುತ್ತಾರೆ.
ನಾವು ಕಿಲುಬನ್ನೇ ಸಾಕುತ್ತಿದ್ದೆವು,
ಕೋಳಿ ಸಾಕಿದ ಹಾಗೆ.

ಕೆಂಡದ ಮೇಲೆ ತಗಡು ಕಾಯಬೇಕು,
ಕೈ ತಾಳುವಷ್ಟೇ.
ಹುಳಿಬಂದ ಹಿಪ್ಪೆ ಒಂದು ಪದರ, ತಗಡು ಒಂದು ಪದರ,
ಮತ್ತೆ ಹಿಪ್ಪೆ, ಮತ್ತೆ ತಗಡು, ಮುಚ್ಚಳ.
ಆಮೇಲೆ ಸುಮ್ಮನಿರುವುದು.
ಕಷ್ಟದ ಕೆಲಸ ಅದೇ, ಅನ್ನುತ್ತಿದ್ದಳು.
ಗಡಿಗೆಯ ಕಂಠಕ್ಕೆ ಮೂಗಿಟ್ಟು ಹದ ಹೇಳುತ್ತಿದ್ದಳು:
ನಾಡಿದ್ದು. ನಾಳೆ.
ಇವತ್ತೇ, ಓಡು!

ತೆಗೆದ ತಗಡಿನ ಮೈತುಂಬ ಬಿಳಿಬಿಳಿ ಮುಳ್ಳು.
ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿ
ಕೆಟ್ಟ ವೈನಿನ ನೀರು ಚಿಮುಕಿಸಿದರೆ
ತಾಮ್ರಕ್ಕೆ ಬಸಿರು.
ಮೂರು ವಾರ, ನಾಲ್ಕು ವಾರ,
ಊದಿ, ಬಿರಿದು, ಹಸಿರು.
ಮೊಂಡು ಚಾಕುವಿನಿಂದ ಕೆರೆಯುವವಳು ನಾನು.
ಬಾಯಿ ಮುಚ್ಚಿಕೋ, ವಿಷ ಅದು, ಅನ್ನುತ್ತಿದ್ದಳು.
ಹಾಗಾಗಿ ನನ್ನ ಬಾಲ್ಯದಲ್ಲಿ ಮಾತು ಕಮ್ಮಿ.

ನಮ್ಮ ಬೀದಿಯ ಮಾತಲ್ಲಿ ಅದು ವೆರ್ದೆತ್,
ಅಂದರೆ ಹಸಿರುಮರಿ.
ಬೇರೆ ಹೆಸರು ಬೇಕಾದದ್ದು
ಅಪ್ಪ ಸತ್ತ ವರ್ಷ, ಆಸ್ತಿ ಪಾಲಿನ ಹೊತ್ತಿಗೆ.
ಪತ್ರ ಬರೆಯುವ ಫುಲ್ಕ್ರಾನ್ ಸೆರ್ವೆಲ್
ನೆಲಮಾಳಿಗೆಗೆ ಇಳಿಯಲಿಲ್ಲ, ಮೂಗು ಮುಚ್ಚಿ
ಮೇಲಿಂದಲೇ ಬರೆದ: ವೆರ್-ದ-ಗ್ರಿ.

ಏನು ಬರೆದಿದ್ದಾನೆ ಓದು, ಅಂದಳು.
ಅಕ್ಷರ ಬಂದವಳು ನಾನೊಬ್ಬಳೇ.
ಬೂದುಬಣ್ಣದ ಹಸಿರು, ಅಂದೆ.

ಬೂದೇ?
ಅಮ್ಮ ಚರ್ಮದ ಚೀಲ ಬಿಚ್ಚಿ
ಒಂದು ಮುದ್ದೆಯನ್ನು ಅವನ ಮೇಜಿಗೆ ಕುಕ್ಕಿದಳು.
ಕಣ್ಣಿದೆಯಾ ಸ್ವಾಮಿ? ಇದರಲ್ಲಿ ಬೂದು ಎಲ್ಲಿದೆ, ತೋರಿಸಿ.

ಅವನು ಕನ್ನಡಕ ಒರೆಸಿಕೊಂಡ.
ನನ್ನ ಅಜ್ಜನ ಕಾಗದಗಳಲ್ಲಿ ಇದು ಗ್ರೀಸಿನ ಹಸಿರು, ಅಂದ.
ಯಾಕೋ ಯಾರಿಗೂ ತಿಳಿಯದು.
ಮೊದಲ ಪೆಟ್ಟಿಗೆ ಅಲ್ಲಿಂದ ಹಡಗು ಹತ್ತಿತೋ,
ದೂರದ ಹೆಸರಿಗೆ ಬೆಲೆ ಹೆಚ್ಚೆಂದು
ಯಾವ ವ್ಯಾಪಾರಿ ಸುಳ್ಳು ಹೇಳಿದನೋ.
ಹೇಳಿದವರ ನಾಲಗೆ ಹೊರಳಿ, ಕೇಳಿದವರ ಕಿವಿ ಮಂದವಾಗಿ,
ಗ್ರೆಸ್ ಸವೆದು ಗ್ರಿ ಆಯಿತು.
ಒಂದು ಸ್ವರ, ಅಷ್ಟೇ.

ಅಷ್ಟೇಯಾ, ಅಂದಳು ಅಮ್ಮ.
ಒಂದು ದೇಶ ಪೂರ್ತಿ ಹೋಯಿತಲ್ಲ.

ಅವಳು ಗ್ರೀಸ್ ಕಂಡವಳಲ್ಲ,
ಎರಡು ಹರದಾರಿ ದೂರದ ಕಡಲನ್ನೂ.
ಆದರೂ ದಾರಿಯುದ್ದ ಗೊಣಗಿದಳು:
ಬಾಯಲ್ಲೂ ಹುಳಿ ಇರುತ್ತದೆ ಹುಡುಗಿ,
ಮಾತಿಗೆ ಕಿಲುಬು ಹಿಡಿದರೆ ಕೆರೆಯುವವರು ಯಾರು,
ಕೆರೆದದ್ದನ್ನು ಕೊಳ್ಳುವವರು ಯಾರು?
ಆಮೇಲೆ ಮೀನಿನವಳ ಹತ್ತಿರ ಚೌಕಾಸಿಗೆ ನಿಂತು
ಎಲ್ಲ ಮರೆತಳು. ಮರೆತಳೆಂದುಕೊಂಡೆ.

ಸಹಿ ಮಾಡುವ ದಿನ
ಶಾಯಿಯಲ್ಲಿ ಶಿಲುಬೆ ಗೀಚೆಂದರು.
ಗಿಲ್ಯೆಲ್ಮ ಎಂಬ ನನ್ನ ಅಮ್ಮ
ಹೆಬ್ಬೆರಳಿಗೆ ಎಂಜಲು ಹಚ್ಚಿ
ಚೀಲದೊಳಗೆ ಅದ್ದಿ
ಶಿಲುಬೆಯ ಜಾಗ ಬಿಟ್ಟು
ಆ ಪದದ ಬಾಲದ ಮೇಲೆ ಒತ್ತಿದಳು,
ಬೇಕೆಂದೇ, ನಿಧಾನವಾಗಿ.
ಸೆರ್ವೆಲ್ ಬೈದ. ಮರಳು ಉದುರಿಸಿದ.

ಇವತ್ತು ಪೆಟ್ಟಿಗೆ ತಳದಿಂದ ಪತ್ರ ತೆಗೆದೆ.
ಗಡಿಗೆ ಮಾರಿಯಾಗಿದೆ. ಮೆಟ್ಟಿಲು ನನ್ನ ಮೊಣಕಾಲಿಗೆ ಆಗದು.
ಶಾಯಿ ಕಂದಿದೆ, ಅಂಕಿಗಳು ಮಸುಕಾಗಿವೆ.
ಹೆಬ್ಬೆಟ್ಟೊತ್ತಿದ ಕಡೆ ಕಾಗದವನ್ನು
ಹಸಿರು ಒಳಗೊಳಗೇ ತಿಂದು ತೂತು ಮಾಡಿದೆ,
ಅಂಚು ಕಂದು, ಮುಟ್ಟಿದರೆ ಉದುರುತ್ತದೆ.
ಗ್ರೀಸಿಲ್ಲ, ಬೂದಿಲ್ಲ.

ಹಸಿರು, ಎಂದಷ್ಟೇ ಓದಲು ಬರುತ್ತದೆ.